1997ರ ಪುಟ ಹುಡುಕಲು ಆಲ್ಟಾವಿಸ್ಟಾ ಬಿಡಿ, ಯಾಹೂ ಡೈರೆಕ್ಟರಿ ಹಿಡಿಯಿರಿ

ತಪ್ಪು ನಿಮ್ಮದಲ್ಲ. ಹಳೇ ವೆಬ್ ಪುಟಗಳ ಪ್ರತಿ ಉಳಿಸಿಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ, ಆಗಿನ ಸರ್ಚ್ ಎಂಜಿನ್ ಆಲ್ಟಾವಿಸ್ಟಾ ತೆರೆದು, 1997ರ ಒಂದು ಪುಟಕ್ಕಾಗಿ ‘ಪಿನ್‌ಹೋಲ್ ಕ್ಯಾಮೆರಾ’ ಅಂತ ಹುಡುಕಿದರೆ ಏನೂ ಬರುತ್ತಿಲ್ಲ ಅಂದಿರಿ. ಬರುವುದೂ ಇಲ್ಲ. ಅಲ್ಲಿ ಉಳಿದಿರುವುದು ಪದ ಟೈಪ್ ಮಾಡುವ ಖಾಲಿ ಡಬ್ಬಿ ಮಾತ್ರ. ಉತ್ತರ ತಯಾರಾಗುತ್ತಿದ್ದದ್ದು ಅವರ ಸರ್ವರ್‌ನಲ್ಲಿ. ಅದಕ್ಕೆ 2013ರಲ್ಲೇ ಬೀಗ ಬಿತ್ತು.

ಯಾಹೂ ಕಥೆ ಬೇರೆ. ಆಗ ಅದು ಸರ್ಚ್ ಎಂಜಿನ್‌ಗಿಂತ ಜಾಸ್ತಿ ಡೈರೆಕ್ಟರಿ. ಮನುಷ್ಯರೇ ಸೈಟ್ ನೋಡಿ, ಲೈಬ್ರರಿ ಕಪಾಟಿನ ಹಾಗೆ ವಿಷಯವಾರು ಜೋಡಿಸಿದ್ದರು. ಪುಟದಿಂದ ಪುಟಕ್ಕೆ ಲಿಂಕ್ ಇದ್ದದ್ದರಿಂದ ಬಹಳಷ್ಟು ಆರ್ಕೈವ್‌ನಲ್ಲಿ ಉಳಿದಿದೆ.

ಮೊದಲು ವೇಬ್ಯಾಕ್‌ನಲ್ಲಿ ಯಾಹೂ ಡಾಟ್ ಕಾಮ್ ಹಾಕಿ, 1997 ಅಥವಾ 1998ರ ಒಂದು ದಿನ ಆರಿಸಿ. ಅಲ್ಲಿಯೂ ಸರ್ಚ್ ಡಬ್ಬಿ ಮುಟ್ಟಬೇಡಿ, ಸುಮ್ನೆ ಟೈಮ್ ವೇಸ್ಟ್. ಆರ್ಟ್ಸ್ ಅಂಡ್ ಹ್ಯುಮ್ಯಾನಿಟೀಸ್ ಕೆಳಗಿರುವ ಫೋಟೋಗ್ರಫಿ ಒತ್ತಿ, ಒಳಗೊಳಗೆ ಇಳಿಯುತ್ತಾ ಹೋಗಿ. ವಿಭಾಗದ ಪಕ್ಕದ ಕಂಸದಲ್ಲಿರುವ ಅಂಕಿ ಅಲ್ಲಿ ಎಷ್ಟು ಸೈಟ್ ಇವೆ ಅನ್ನುವ ಲೆಕ್ಕ. ಇಮೇಲ್ ವಿಳಾಸದಲ್ಲಿ ಬರುವ ‘ಅಟ್’ ಗುರುತು ಕಂಡರೆ ಆ ವಿಭಾಗ ಬೇರೆ ಕಪಾಟಿನಲ್ಲಿದೆ ಎಂದರ್ಥ. ನನಗೆ ಬೇಕಾದದ್ದು ಸಿಕ್ಕಿದ್ದೂ ಅಂಥ ಒಂದು ಲಿಂಕ್ ಒತ್ತಿದಾಗಲೇ.

ಲಿಂಕ್ ತೆರೆಯದಿದ್ದರೆ ತಾರೀಕು ಹಿಂದೆ ಮುಂದೆ ಮಾಡಿ. ಆಗಲೂ ಆಗದಿದ್ದರೆ ಆ ವಿಳಾಸವನ್ನೇ ಕಾಪಿ ಮಾಡಿ ವೇಬ್ಯಾಕ್‌ಗೆ ಹಾಕಿ.

ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಪುಟ ಮಾಡಿದವರು ಯಾಹೂಗೆ ಕಳಿಸದೇ ಇದ್ದಿರಬಹುದು. ಹಾಗಿದ್ದರೆ ಯಾಹೂ ಥರದ್ದೇ ಇನ್ನೊಂದು ಡೈರೆಕ್ಟರಿಯಾದ ಡಿಮೋಜ್ ಅನ್ನು ವೇಬ್ಯಾಕ್‌ನಲ್ಲೇ ನೋಡಿ. ಅದು ಶುರುವಾದದ್ದು 1998ರಲ್ಲಿ, ಹಾಗಾಗಿ 1999ರ ನಂತರದ ಪ್ರತಿ ತೆಗೆಯಿರಿ.