ಕ್ವಿಬೆಕ್ ವಿಂಟರ್ ಕಾರ್ನಿವಲ್‌ಗೆ ವಯಸ್ಸಾದ ಅತ್ತೆ-ಮಾವನನ್ನು ಕರೆದುಕೊಂಡು ಹೋಗಬಹುದಾ?

ದಾವಣಗೆರೆಯಿಂದ ಕೆನಡಾದ ಮಾಂಟ್ರಿಯಲ್‌ಗೆ ಬರುವ ಅತ್ತೆ-ಮಾವನನ್ನು ಮನೆಯಲ್ಲೇ ಬಿಟ್ಟು, ಮಕ್ಕಳ ಜೊತೆ ಒಂದೇ ದಿನದಲ್ಲಿ ಕ್ವಿಬೆಕ್ ಊರಿನ ಚಳಿಗಾಲದ ಹಬ್ಬ, ಅಂದರೆ ಕಾರ್ನಿವಲ್, ನೋಡಿಕೊಂಡು ಬರೋಣವಾ ಅಂತ ಕೇಳಿದ್ದೀರಿ. ಖಂಡಿತ ಬಿಟ್ಟು ಹೋಗಬೇಡಿ. ಅಷ್ಟು ದೂರ ಬಂದವರಿಗೆ ಕಿಟಕಿಯಿಂದ ಹಿಮ ತೋರಿಸಿ ವಾಪಸ್ ಕಳಿಸ್ತೀರಾ? ಅವರ ವಯಸ್ಸು ಎಷ್ಟು ಅಂತ ಲೆಕ್ಕ ಹಾಕಬೇಡಿ, ಕಾಲಿಗೆ ಏನು ಹಾಕಿಸ್ತೀರಿ ಅಂತ ಮೊದಲು ನೋಡಿ.

ನಮ್ಮದು ಚಿತ್ರದುರ್ಗ. ಅಣ್ಣ ಮಾಂಟ್ರಿಯಲ್‌ನಲ್ಲಿದ್ದಾಗ ಅವ್ವ, ನಾನು, ನನ್ನ ಮಗ ಫೆಬ್ರವರಿಯಲ್ಲಿ ಹೋಗಿದ್ದೆವು. ಊರಲ್ಲಿ 15 ಡಿಗ್ರಿ ಅಂದರೆ ಸ್ವೆಟರ್, ಮಫ್ಲರ್ ಹುಡುಕುವವರು ನಾವು. ಕೋಟು, ಟೋಪಿ, ಕೈಗವಸು ಎಲ್ಲವನ್ನೂ ಅತ್ತಿಗೆ ಅಲ್ಲೇ ಹೊಂದಿಸಿದರು. ಅವ್ವನ ಶೂ ಮಾತ್ರ ಊರಿಂದ ತಂದದ್ದು. ಹೊಸದು, ಕಾಲಿಗೆ ಬಿಗಿಯಾಗಿ ಕೂತಿತ್ತು. ಬೆಚ್ಚಗಿರಲಿ ಅಂತ ಒಳಗೆ ಎರಡು ಜೊತೆ ಕಾಟನ್ ಸಾಕ್ಸ್ ಹಾಕಿಸಿದವಳು ನಾನೇ.

ಎಲ್ಲ ಕೆಟ್ಟಿದ್ದು ಅಲ್ಲೇ. ಇದನ್ನ ಸ್ವಲ್ಪ ಬಿಡಿಸಿಯೇ ಹೇಳ್ತೀನಿ. ಕಾಲನ್ನು ಬೆಚ್ಚಗಿಡುವುದು ಸಾಕ್ಸ್‌ನ ದಪ್ಪ ಅಲ್ಲ, ಬೂಟಿನ ಒಳಗೆ ನಿಲ್ಲುವ ಗಾಳಿ. ಬಿಗಿ ಶೂ ಒಳಗೆ ಎರಡು ಸಾಕ್ಸ್ ತುರುಕಿದರೆ ಗಾಳಿಗೆ ಜಾಗವೇ ಇರುವುದಿಲ್ಲ. ಬೆರಳು ಒತ್ತಿಕೊಂಡು ರಕ್ತ ಓಡಾಡುವುದೂ ಕಡಿಮೆ ಆಗುತ್ತದೆ. ಮೇಲಾಗಿ ಕಾಟನ್ ಬೆವರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ. ಚಳಿಯಲ್ಲಿ ಬೆವರು ಎಲ್ಲಿಂದ ಅಂತೀರಾ? ಕ್ವಿಬೆಕ್ ಬರೀ ಏರು-ತಗ್ಗಿನ ಊರು, ನಡೆದರೆ ಬೆವರುತ್ತದೆ. ನಡೆಯುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ನಿಂತಾಗ ಶುರುವಾಗುತ್ತದೆ. ಕಾರ್ನಿವಲ್‌ನ ರಾತ್ರಿ ಮೆರವಣಿಗೆಗೆ ಜಾಗ ಹಿಡಿದು ಗಟ್ಟಿ ಹಿಮದ ಮೇಲೆ ನಿಂತರೆ, ತೆಳು ಅಟ್ಟೆಯಿಂದ ಕಾಲಿನ ಶಾಖವೆಲ್ಲ ಕೆಳಗೆ ಇಳಿದು ಹೋಗುತ್ತದೆ.

ಹಗಲೆಲ್ಲ ಅವ್ವ ಖುಷಿಯಾಗಿಯೇ ಇದ್ದಳು. 1608ರಲ್ಲಿ ಶಾಂಪ್ಲೇನ್ ಅನ್ನೋ ಫ್ರೆಂಚ್ ಅನ್ವೇಷಕ ಶುರುಮಾಡಿದ ಊರು ಅದು, ಹಳೇ ಪೇಟೆಯ ಸುತ್ತ ಕೋಟೆ ಗೋಡೆ ಇನ್ನೂ ನಿಂತಿದೆ. ಕೈಗವಸು ತೆಗೆದು ಕಲ್ಲು ಮುಟ್ಟಿ, "ಒಂದೇ ಸುತ್ತೇನೇ? ನಮ್ದು ಏಳು ಸುತ್ತೈತೆ" ಅಂದಳು. ಕೆಂಪು ಟೋಪಿ, ಸೊಂಟಕ್ಕೆ ಬಣ್ಣದ ಪಟ್ಟಿ ಕಟ್ಟಿದ ಹಿಮಮಾನವ, ಕಾರ್ನಿವಲ್‌ನ ಗುರುತಿನ ಗೊಂಬೆ ಬೊನೊಮ್ ಬಂದಾಗ ಅವ್ವನೂ ಮೊಮ್ಮಗನ ಜೊತೆ ಕೈ ಬೀಸಿದಳು. ಸಂಜೆ ಮೆರವಣಿಗೆಗೆ ಕಾಯುವಾಗ ಮಾತ್ರ ಸುಮ್ಮನಾದಳು. ಆಮೇಲೆ, "ಕಾಲು ನಂದಲ್ಲ ಅನ್ನಿಸ್ತೈತೆ ಕಣೇ" ಅಂದಳು.

ಹತ್ತಿರದ ಹೋಟೆಲ್ ಒಳಗೆ ಕರೆದೊಯ್ದು ಸಾಕ್ಸ್ ಬಿಚ್ಚಿದೆ. ಹಿಂಡಿದರೆ ನೀರು ಬರುವಷ್ಟು ಒದ್ದೆ. ಎರಡು ಬೆರಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದವು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ನಾನು ಉಜ್ಜೋಕೆ ಹೋದೆ, ಅತ್ತಿಗೆ ಕೈ ಹಿಡಿದು ತಡೆದರು. ಉಜ್ಜಬಾರದು, ಹೀಟರ್‌ಗೂ ಒಡ್ಡಬಾರದು. ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ತಿಳಿಯುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟ ಮೇಲೆ ನಿಧಾನಕ್ಕೆ ಕೆಂಪಾಯಿತು. ಹೊರಗೆ ಮೆರವಣಿಗೆ ಡ್ರಮ್ ಕೇಳಿಸುತ್ತಿತ್ತು, ನಾವು ಯಾರೂ ನೋಡಲಿಲ್ಲ. ಅವತ್ತೇ ರಾತ್ರಿ ಮಾಂಟ್ರಿಯಲ್‌ಗೆ 250 ಕಿ.ಮೀ. ವಾಪಸ್.

ಮುಂದಿನ ವಾರಾಂತ್ಯ ಮತ್ತೆ ಹೋದೆವು, ಅವ್ವನೇ ಹಠ ಹಿಡಿದಳು. ಈ ಸಲ ಒಂದು ಸೈಜ್ ದೊಡ್ಡದು, ಒಳಗೆ ಫೆಲ್ಟ್ ಪದರ ಇರುವ ದಪ್ಪ ಅಟ್ಟೆಯ ಸ್ನೋ ಬೂಟ್ ಅಲ್ಲೇ ಕೊಂಡೆವು. ಒಂದೇ ಜೊತೆ ಉಣ್ಣೆ ಸಾಕ್ಸ್, ಬ್ಯಾಗಲ್ಲಿ ಇನ್ನೊಂದು ಒಣಗಿದ ಜೊತೆ. ಅದೇ ಅವ್ವ, ಅದೇ ಚಳಿ. ಮೆರವಣಿಗೆ ಪೂರ್ತಿ ನಿಂತು ನೋಡಿದಳು. ಸೇಂಟ್ ಲಾರೆನ್ಸ್ ನದಿಯ ದೋಣಿ ಸ್ಪರ್ಧೆಯನ್ನೂ ನೋಡಿದೆವು. ಐದೈದು ಜನ ನೀರಿದ್ದಲ್ಲಿ ಹುಟ್ಟು ಹಾಕುತ್ತಾರೆ, ಮಂಜುಗಡ್ಡೆ ಬಂದರೆ ಹಾರಿ ಇಳಿದು ದೋಣಿಯನ್ನೇ ಎಳೆದುಕೊಂಡು ಓಡುತ್ತಾರೆ. ಅದನ್ನು ಮಾತ್ರ ತಪ್ಪಿಸಬೇಡಿ.

ಒಂದೇ ದಿನದ ಪ್ಲಾನ್ ಕೈಬಿಡಿ. ಹೋಗೋಕೆ 3 ಗಂಟೆ, ಬರೋಕೆ 3 ಗಂಟೆ, ಮೆರವಣಿಗೆ ಇರುವುದು ರಾತ್ರಿ. ಕೋಟೆ ಒಳಗೇ ಒಂದು ರೂಮ್ ಮಾಡಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಹಿರಿಯರು ಗಂಟೆಗೊಮ್ಮೆ ಒಳಗೆ ಹೋಗಿ ಬರಬಹುದು. ಕೆಳಪೇಟೆಯಿಂದ ಮೇಲೆ ಬರಲು ಮೆಟ್ಟಿಲು ಹತ್ತಿಸಬೇಡಿ, ಫ್ಯುನಿಕ್ಯುಲರ್ ಇದೆ, ಇಳಿಜಾರಿನ ಹಳಿ ಮೇಲೆ ಲಿಫ್ಟ್ ಹಾಗೆ ಹತ್ತುವ ಗಾಡಿ.

ನೀವು ಸಸ್ಯಾಹಾರಿಗಳಾದರೆ ಪೂಟೀನ್ (ಆಲೂ ಫ್ರೈಸ್, ಚೀಸ್ ಮೇಲೆ ಗ್ರೇವಿ ಸುರಿದ ತಿಂಡಿ) ಮೇಲಿನ ಗ್ರೇವಿ ಯಾವುದರದ್ದು ಅಂತ ಕೇಳಿಯೇ ತಗೊಳ್ಳಿ, ಸಾಮಾನ್ಯವಾಗಿ ಮಾಂಸದ್ದೇ ಇರುತ್ತದೆ. ಕ್ಯಾರಿಬೂ ಅಂತ ಮಾರುವ ಕೆಂಪು ಪಾನೀಯ ಶರಬತ್ತಲ್ಲ, ವೈನ್‌ಗೆ ವಿಸ್ಕಿಯಂಥ ಗಟ್ಟಿ ಮದ್ಯ ಬೆರೆಸಿದ್ದು. ಮಕ್ಕಳಿಗೆ ಹಿಮದ ಮೇಲೆ ಬಿಸಿ ಮೇಪಲ್ ಪಾಕ ಸುರಿದು ಕಡ್ಡಿಗೆ ಸುತ್ತಿ ಕೊಡುವ ಮಿಠಾಯಿ ಕೊಡಿಸಿ. ಅವ್ವ ನನ್ನ ಮಗನದ್ದನ್ನೂ ತಿಂದಳು.

ನಿಮ್ಮ ಅತ್ತೆ-ಮಾವನಿಗೆ ಶುಗರ್ ಇದೆಯಾ ಅಂತ ಬರೆದಿಲ್ಲ. ಇದ್ದರೆ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಪಾದ ತೋರಿಸಿ. ಶುಗರ್ ಇರುವವರಿಗೆ ಕಾಲಿನ ಸ್ಪರ್ಶ ಮೊದಲೇ ಕಡಿಮೆ ಇರಬಹುದು, ಮರಗಟ್ಟಿದ್ದು ಅವರಿಗೇ ತಿಳಿಯುವುದಿಲ್ಲ. "ಏನಿಲ್ಲಮ್ಮ, ಚೆನ್ನಾಗಿದೀನಿ" ಅಂದರೂ ನಂಬಬೇಡಿ, ಒಳಗೆ ಬಂದಾಗಲೆಲ್ಲ ಬೂಟ್ ಬಿಚ್ಚಿಸಿ ಬೆರಳು ನೋಡಿ.