ಮಲಗುವ ಕೋಣೆಗೆ ಮನೆಯಲ್ಲೂ ಕಥೆಗಳಲ್ಲೂ ಯಾಕಿಷ್ಟು ಮಹತ್ವ?

ನಮ್ಮ ಕಲಬುರಗಿ ಕಡೆಯ ಎಷ್ಟೋ ಹಳೇ ಮನೆಗಳಲ್ಲಿ ಬೆಡ್‌ರೂಮ್ ಅಂತ ಬೇರೆ ಕೋಣೆಯೇ ಇರಲಿಲ್ಲ. ಪಡಸಾಲೆ, ಅಡುಗೆಮನೆ, ಒಂದು ಕತ್ತಲ ಖೋಲಿ, ಅಷ್ಟೇ. ಖೋಲಿಯಲ್ಲಿ ಜೋಳದ ಚೀಲ, ಟ್ರಂಕು, ಮಡಚಿಟ್ಟ ಕೌದಿ. ಹೊಸ ಸೊಸೆ ಬಂದಾಗ ಚೀಲಗಳು ಪಡಸಾಲೆಗೆ, ಖೋಲಿ ಜೋಡಿಗೆ. ಮಗು ಹುಟ್ಟಿದರೆ ಅದೇ ಬಾಣಂತಿ ಕೋಣೆ. ಬ್ಯಾಸಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಶಹಾಬಾದಿ ಕಲ್ಲಿನ ಗೋಡೆ ರಾತ್ರಿಯೂ ಕಾದೇ ಇರುತ್ತಿತ್ತು. ಇಡೀ ಮನೆ ಹಾಸಿಗೆ ಹೊತ್ತು ಮಾಳಿಗೆ ಹತ್ತುತ್ತಿತ್ತು. ಅಲ್ಲಿ ಗುಟ್ಟು ಎಲ್ಲಿಂದ ಬರಬೇಕು? ಗಂಡ ಹೆಂಡತಿ ಜಗಳ ಕೂಡ ಪಿಸುಮಾತಿನಲ್ಲೇ.

ಕಥೆ ಬರೆಯುವವರಿಗೆ ಬೇಕಾಗಿರುವುದು ಈ ಪಿಸುಮಾತೇ. ಪಡಸಾಲೆಯಲ್ಲಿ ಎಲ್ಲರೂ ಮರ್ಯಾದೆಯಿಂದ ಮಾತಾಡುತ್ತಾರೆ. ಬಾಗಿಲು ಹಾಕಿದ ಮೇಲೆ ಸೊಸೆಯ ಅಳು, ಸಾಲದ ಲೆಕ್ಕ, ಬೇರೆ ಮನೆ ಮಾಡೋಣ ಅನ್ನುವ ಮಾತು ಹೊರಬೀಳುತ್ತದೆ. ಇಂಗ್ಲಿಷ್ ಕಾದಂಬರಿಯ ಶುರುವಿನ ದಿನಗಳಲ್ಲೂ ಹೀಗೇ. 1740ರಲ್ಲಿ ಬಂದ ರಿಚರ್ಡ್‌ಸನ್‌ನ 'ಪಮೇಲಾ'ದಲ್ಲಿ ಮನೆಗೆಲಸದ ಹುಡುಗಿ ಕೋಣೆಯೊಳಗೆ ಕೂತು ಅಪ್ಪ ಅಮ್ಮನಿಗೆ ಪತ್ರ ಬರೆಯುತ್ತಾಳೆ. ಯಜಮಾನ ಅಲ್ಲಿಗೂ ನುಗ್ಗುತ್ತಾನೆ. ನನಗಂತೂ ಮಂಚಕ್ಕಿಂತ ಚಿಲಕವೇ ಜಾಸ್ತಿ ಮುಖ್ಯ ಅನಿಸುತ್ತದೆ. ಅದು ಯಾರ ಕೈಯಲ್ಲಿದೆ ಅನ್ನುವುದೇ ಅರ್ಧ ಕಥೆ, ಅಲ್ವಾ?

ಈಗ ಸೇಡಂ ರೋಡಿನ ಹೊಸ ಮನೆಗಳಲ್ಲಿ ಎರಡೆರಡು ಬೆಡ್‌ರೂಮ್, ಎಲ್ಲದಕ್ಕೂ ಚಿಲಕ. ನಮ್ಮ ಮನೆಯಲ್ಲೂ ಅಷ್ಟೇ. ಆದರೆ ಕರೆಂಟ್ ಹೋದರೆ ನಮ್ಮವ್ವ ಚಾಪೆ ಹಿಡಿದು ಮಾಳಿಗೆಗೇ ಹೋಗುತ್ತಾಳೆ.