ಪ್ರತಿಕ್ರಿಯೆ: ಮಿಜೋರಾಂನಲ್ಲೇ ಎಚ್‌ಐವಿ ಸೋಂಕಿತರು ಹೆಚ್ಚೇ?

ದೇಶದಲ್ಲಿ ಅತಿ ಹೆಚ್ಚು ಎಚ್‌ಐವಿ ಸೋಂಕಿತರಿರುವುದು ಮಿಜೋರಾಂನಲ್ಲಿ ಎಂದು ಬರೆದಿದ್ದೀರಿ. ಶೇಕಡಾವಾರು ಪ್ರಮಾಣದಲ್ಲಿ ಮಿಜೋರಾಂ ಮುಂದಿದೆ, ತಲೆ ಎಣಿಕೆಯಲ್ಲಿ ಅಲ್ಲ. ನೀವು ಎರಡನ್ನೂ ಒಂದೇ ಎಂದುಕೊಂಡಿದ್ದೀರಿ. 2021ರ ರಾಷ್ಟ್ರೀಯ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಸೋಂಕು ಶೇ 0.21, ಮಿಜೋರಾಂನಲ್ಲಿ ಶೇ 2.70. ಆದರೆ ಅತಿ ಹೆಚ್ಚು ಸೋಂಕಿತರಿರುವುದು ಮಹಾರಾಷ್ಟ್ರದಲ್ಲಿ, ಸುಮಾರು ನಾಲ್ಕು ಲಕ್ಷ. ಅಲ್ಲಿನ ಪ್ರಮಾಣವಾದರೋ ಶೇ 0.4ನ್ನೂ ಮುಟ್ಟುವುದಿಲ್ಲ. ಜನಸಂಖ್ಯೆಯೇ ಅಷ್ಟು ದೊಡ್ಡದು. ನಮ್ಮ ಕರ್ನಾಟಕದ್ದು ಶೇ 0.46, ರಾಷ್ಟ್ರೀಯ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ.

ಕಾರಣಗಳೂ ಬೇರೆ ಬೇರೆ. ಈಶಾನ್ಯದಲ್ಲಿ ಮಾದಕವಸ್ತು ಚುಚ್ಚಿಕೊಳ್ಳುವವರು ಒಂದೇ ಸೂಜಿಯನ್ನು ಕೈಯಿಂದ ಕೈಗೆ ದಾಟಿಸುವುದು ದೊಡ್ಡ ದಾರಿ. ದಕ್ಷಿಣದಲ್ಲಿ ಬಹುಪಾಲು ಅಸುರಕ್ಷಿತ ಲೈಂಗಿಕ ಸಂಪರ್ಕ.

ಮಧ್ಯವಯಸ್ಕರಲ್ಲಿ ಹೊಸ ಸೋಂಕು ಹೆಚ್ಚುತ್ತಿದೆಯೇ ಎಂದೂ ಕೇಳಿದಿರಲ್ಲ, ಇಲ್ಲಿ ಎಚ್ಚರ ಬೇಕು. ಮೇಲಿನ ಶೇಕಡಾವಾರು ಅಂಕಿಗಳು 15ರಿಂದ 49 ವರ್ಷದವರಿಗೆ ಸಂಬಂಧಿಸಿದವು. 2004ರಿಂದ ಸರ್ಕಾರ ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಅವನ್ನು ತಪ್ಪದೆ ನುಂಗಿ ಐವತ್ತು ದಾಟಿದವರು ಈ ಶೇಕಡಾವಾರು ಲೆಕ್ಕಕ್ಕೆ ಸಿಗುವುದಿಲ್ಲ. ಮಧ್ಯವಯಸ್ಕರಲ್ಲಿ ಪ್ರಮಾಣ ಹೆಚ್ಚು ಕಂಡರೆ ಅವರಿಗೆ ಸೋಂಕು ನಿನ್ನೆ ಮೊನ್ನೆ ತಗುಲಿತೆಂದಲ್ಲ. ಹಳೆಯ ಸೋಂಕಿತರು ಔಷಧಿಯಿಂದ ಬದುಕುಳಿದಿದ್ದಾರೆ ಎಂದೂ ಅರ್ಥವಾಗಬಹುದು. ಹೊಸ ಸೋಂಕು ಹೆಚ್ಚುತ್ತಿದೆಯೇ ಎಂದು ತಿಳಿಯಲು ಆ ವರ್ಷದ ಹೊಸ ಪ್ರಕರಣಗಳ ಅಂದಾಜನ್ನೇ ಪ್ರತ್ಯೇಕವಾಗಿ ನೋಡಿ.